ಸಹಾಯ ಬೇಕು: ಸಣ್ಣ ಪೆಟ್ರೋಲ್ ಕಾರು, ಮೈಲೇಜ್ ಬಿದ್ದಿದೆ. ತೊಂದರೆ ಥರ್ಮೋಸ್ಟಾಟ್‌ದಾ, ಆಕ್ಸಿಜನ್ ಸೆನ್ಸರ್‌ದಾ?

ಸ್ನೇಹಿತರೇ, ಲೀಟರಿಗೆ 18 ಕಿ.ಮೀ. ಕೊಡ್ತಿದ್ದ ಹಳೇ ಹ್ಯಾಚ್‌ಬ್ಯಾಕ್ ಈಗ 13ಕ್ಕೆ ಇಳಿದಿದೆ. ಟೈರ್ ಗಾಳಿ ಸರಿಯಿದೆ, ಬ್ರೇಕ್ ಹಿಡ್ಕೊಂಡಿಲ್ಲ, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಎರಡೂ ಹೊಸವು. ಸ್ಕ್ಯಾನರ್ ಹಾಕಿದರೆ ದೋಷ ತೋರಿಸೋ ಒಂದು ಕೋಡೂ ಇಲ್ಲ.

ಕಂಡಿದ್ದು ಇಷ್ಟೇ: ಟ್ರಾಫಿಕ್‌ನಲ್ಲಿ ನಿಂತರೆ ಕೂಲೆಂಟ್ (ಎಂಜಿನ್ ತಂಪು ಮಾಡೋ ದ್ರವ) 90 ಡಿಗ್ರಿ ತೋರಿಸುತ್ತೆ, ಹೈವೇಲಿ ಓಡಿಸಿದರೆ 68ಕ್ಕೆ ಬಿದ್ದುಬಿಡುತ್ತೆ. ಥರ್ಮೋಸ್ಟಾಟ್ (ರೇಡಿಯೇಟರ್‌ಗೆ ಕೂಲೆಂಟ್ ಬಿಡೋ ಕವಾಟ) ಮುಚ್ಕೊಳ್ಳದೇ ತೆರೆದೇ ಉಳಿದಿದೆ, ಎಂಜಿನ್ ಇನ್ನೂ ತಣ್ಣಗಿದೆ ಅಂತ ಇಸಿಯು (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಬಿಡ್ತಿದೆ ಅಂತ ನನ್ನ ಅನುಮಾನ. ಮೆಕ್ಯಾನಿಕ್ ಮಾತ್ರ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿರೋ ಆಮ್ಲಜನಕ ಅಳೆಯೋದು) ಬದಲಾಯಿಸೋಣ ಅಂತಾರೆ. (ಯಾಕೆ ಅಂದ್ರೆ ಉತ್ತರ ಇಲ್ಲ!) ದುಬಾರಿ ಪಾರ್ಟು, ಊಹೆ ಮೇಲೆ ಹಾಕಿಸೋಕೆ ಮನಸ್ಸಿಲ್ಲ.

ಕೂಲೆಂಟ್ ಸೆನ್ಸರೇ ಸುಳ್ಳು ಹೇಳ್ತಿರಬಹುದಾ ಅನ್ನೋದೂ ಗೊಂದಲ. ಏನನ್ನೂ ಬಿಚ್ಚದೆ, ತಪ್ಪು ಈ ಮೂರರಲ್ಲಿ ಯಾವುದರದ್ದು ಅಂತ ಪತ್ತೆ ಮಾಡೋದು ಹೇಗೆ?