ಸೀಮೆಹಸುವಿನ ಬಿಳಿ ಮಚ್ಚೆ ಮಾತ್ರ ಸುಟ್ಟಂಗೆ ಸುಲಿತಿದೆ, ಲಂಟಾನ ತಿಂದಿರಬಹುದಾ?

ಸರಗೂರು ಹಸುಮನೆ
ನಮ್ಮದು ಸರಗೂರು ಕಡೆ ಕಾಡಂಚಿನ ಹಳ್ಳಿ. ಮಂಡ್ಯ ಕಡೆಯಿಂದ ಎಚ್‌ಎಫ್ ತಳಿಯ ಸೀಮೆಹಸು ತಂದ್ವಿ, ಅಲ್ಲಿ ಕೊಟ್ಟಿಗೆಯಲ್ಲೇ ಕಟ್ಟಿ ಸಾಕಿದ್ದರಂತೆ. ಹುಲ್ಲಿನ ಮೆದೆ ಮುಗೀತು ಅಂತ ನಮ್ಮ ಹಳ್ಳಿಕಾರ್ ಎತ್ತುಗಳ ಜೊತೆ ಮೇಯಕ್ಕೆ ಬಿಟ್ವಿ. ಅಲ್ಲಿ ಹಸಿರು ಅಂತ ಇರೋದು ಲಂಟಾನ ಪೊದೆ ಮಾತ್ರ. ಈಗ ಮೆಲುಕು ಹಾಕ್ತಿಲ್ಲ, ಸಗಣಿ ಗಟ್ಟಿ ಉಂಡೆ, ಗಂಜಲ ಕಡು ಹಳದಿ. ಮೂತಿ, ಕೆಚ್ಚಲು, ಬೆನ್ನಿನ ಬಿಳಿ ಭಾಗ ಕೆಂಪಾಗಿ ಬಿರಿದು ಚರ್ಮ ಎದ್ದು ಬರ್ತಿದೆ. ಪಕ್ಕದಲ್ಲೇ ಇರೋ ಕಪ್ಪು ಮಚ್ಚೆ ನುಣ್ಣಗೆ ಹಾಗೇ ಇದೆ. ಗೊಟ್ಟದಲ್ಲಿ (ಔಷಧಿ ಕುಡಿಸೋ ಬಿದಿರು ಕೊಳವೆ) ಹರಳೆಣ್ಣೆ ಕುಡಿಸಿ ಅಂತಾರೆ ಊರವರು. ಎತ್ತುಗಳಿಗೆ ಏನೂ ಆದಂಗಿಲ್ಲ. ಅಮ್ಮ ಊಟ ಬಿಟ್ಟು ಕೊಟ್ಟಿಗೇಲೇ ಕೂತಿದಾರೆ, ತಿಳಿದವರು ಹೇಳಿ.

ನಿವೃತ್ತ ಪಶು ಪರೀಕ್ಷಕ, ನಂಜನಗೂಡು
ತಮ್ಮಾ, ಮೊದಲು ಹಸುನ ನೆರಳಿಗೆ ಕಟ್ಟು, ಆಮೇಲೆ ಮುಂದೆ ಓದು. ನೀನು ಬರೆದಿರೋದೆಲ್ಲ ಲಂಟಾನ ವಿಷದ ಲಕ್ಷಣವೇ.

ಎಲೆಯಲ್ಲಿರೋ ಲ್ಯಾಂಟಾಡೀನ್ ಅನ್ನೋ ವಿಷ ಪಿತ್ತಜನಕಾಂಗಕ್ಕೆ ಹೊಡೆದು ಪಿತ್ತ ಇಳಿಯದಂಗೆ ಮಾಡುತ್ತೆ. ಹಸಿರು ಮೇವು ಹೊಟ್ಟೆಯಲ್ಲಿ ಕಳಿತಾಗ ಪತ್ರಹರಿತ್ತಿನಿಂದ ಫಿಲೋಎರಿತ್ರಿನ್ ಅನ್ನೋ ವಸ್ತು ಹುಟ್ಟುತ್ತೆ. ಪಿತ್ತದ ಜೊತೆ ಹೊರಗೆ ಹೋಗಬೇಕಾದ್ದು ರಕ್ತದಲ್ಲೇ ಉಳಿದು ಚರ್ಮಕ್ಕೆ ಬರುತ್ತೆ. ಅದಕ್ಕೆ ಬಿಸಿಲು ಬಿದ್ದರೆ ಬಿಳಿ ಚರ್ಮ ಬೇಯುತ್ತೆ, ಕಪ್ಪು ಚರ್ಮಕ್ಕೆ ಅದರ ಬಣ್ಣವೇ ಕಾವಲು. ಹಳ್ಳಿಕಾರಿನ ಚರ್ಮ ಕಪ್ಪು, ತಿಂದಿದ್ದರೂ ಹೊರಗೆ ಕಾಣದೆ ಇರಬಹುದು. ಎತ್ತುಗಳ ಕೆಳರೆಪ್ಪೆ ಬಿಡಿಸಿ ಹಳದಿ ಇದೆಯಾ ನೋಡು.

ನನಗೆ ಹೆಚ್ಚು ಭಯ ಆಗೋದು ಹೊಟ್ಟೆದು. ಹೊಟ್ಟೆ ಆಡೋದು ನಿಂತರೆ ತಿಂದ ಸೊಪ್ಪು ಅಲ್ಲೇ ಕೂತು ವಿಷ ಬಿಡ್ತಾನೇ ಇರುತ್ತೆ, ನೀನು ಮೇಯಿಸೋದು ನಿಲ್ಲಿಸಿದ ಮೇಲೂ. ಅದಕ್ಕೇ ಡಾಕ್ಟರು ಕೊಳವೆ ಹಾಕಿ ವಿಷ ಹೀರೋ ಆಕ್ಟಿವೇಟೆಡ್ ಚಾರ್ಕೋಲ್ ಬಿಡ್ತಾರೆ, ದೊಡ್ಡ ಹಸುವಿಗೆ 2 ಕೆ.ಜಿ.ಗೂ ಮೇಲೆ, ಲವಣದ ನೀರಲ್ಲಿ ಕದಡಿ. ಒಲೆಯ ಇದ್ದಿಲು ಕುಟ್ಟಿ ಹಾಕಿದರೆ ಆಗಲ್ಲ. ಗೊಟ್ಟ ಮಾತ್ರ ಎತ್ತಬೇಡ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹಸು ಕೈಬಿಟ್ಟು ಹೋಗುತ್ತೆ. ಈಗಲೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡು. ರಕ್ತವನ್ನೂ ಪರೀಕ್ಷೆ ಮಾಡಿಸು. ರಕ್ತ ಹೀರೋ ಉಣ್ಣೆ ಹುಳದಿಂದ ಬರೋ ಥೈಲೇರಿಯಾ ರೋಗದಲ್ಲೂ ಕಣ್ಣು ಹಳದಿಯಾಗುತ್ತೆ, ಆದರೆ ಅದರಲ್ಲಿ ಜ್ವರ ಜೋರು, ಭುಜದ ಮುಂದಿನ ಗಂಟು ಊದಿರುತ್ತೆ.

ಮಳವಳ್ಳಿ ಅಕ್ಕ
ಹೊಟ್ಟೆ ತುಂಬಿದ ದನ ಲಂಟಾನಕ್ಕೆ ಬಾಯಿ ಹಾಕೋದು ಕಮ್ಮಿ ಕಣಪ್ಪ. ಹಸಿದಿರೋ ದನ, ಅದರಲ್ಲೂ ಜಾಗ ಹೊಸದಾದರೆ, ಸಿಕ್ಕಿದ್ದು ತಿನ್ನುತ್ತೆ. ಹೊರಗೆ ಬಿಡೋ ಮುಂಚೆ ಒಂದು ಹೊರೆ ರಾಗಿಹುಲ್ಲು ಹಾಕಿ ಬಿಡಿ. ನಮ್ಮ ಕಡೆ ಇದಕ್ಕಿಂತ ಕೂಳೆ ಜೋಳದ ಭಯ. ಜೋಳ ಕೊಯ್ದ ಹೊಲದಲ್ಲಿ ಮಳೆಗೆ ಗೇಣುದ್ದ ಚಿಗುರು ಬಂದಿರುತ್ತಲ್ಲ, ಅದರಲ್ಲಿ ಸಯನೈಡು. ಹಸು ಉಸಿರು ಕಟ್ಟಿ ಅಲ್ಲೇ ಬೀಳುತ್ತೆ, ಡಾಕ್ಟರು ಬರೋವರೆಗೂ ಪುರುಸೊತ್ತು ಕೊಡಲ್ಲ.

ಸರಗೂರು ಹಸುಮನೆ
ಡಾಕ್ಟರ್ ಬಂದಿದ್ದರು. ಜ್ವರ ಇಲ್ಲ, ಲಂಟಾನವೇ ಅಂದರು. ಚಾರ್ಕೋಲ್ ಬಿಟ್ಟು ಡ್ರಿಪ್ ಹಾಕಿದರು. ಅವರು ಹೋದ ಮೇಲೆ ನೋಡಿದರೆ ಒಂದು ಎತ್ತಿನ ಕಣ್ಣೂ ಸ್ವಲ್ಪ ಹಳದಿ ಇದೆ ಸರ್. ಹಸುವಿಗೆ ಹಸಿ ಮೇವು ಕೊಡಬಹುದಾ?

ನಿವೃತ್ತ ಪಶು ಪರೀಕ್ಷಕ, ನಂಜನಗೂಡು
ಈಗಲೇ ಬೇಡ, ಚರ್ಮ ಸುಡೋ ವಸ್ತು ಹುಟ್ಟೋದೇ ಹಸಿರಿಂದ. ಒಣಹುಲ್ಲು, ನೀರು ಧಾರಾಳವಾಗಿ ಇಡು. ಸುಲಿದ ಜಾಗದಲ್ಲಿ ನೊಣ ಕೂತು ಹುಳು ಬೀಳದಂಗೆ ಎರಡು ಹೊತ್ತೂ ನೋಡು. ಮೊಲೆತೊಟ್ಟು ಬಿರಿದಿದ್ದರೆ ಹಾಲು ಕರೆಯೋವಾಗ ಒದೆಯುತ್ತೆ, ನೋವಿಗೆ ಒದೆಯೋದು, ಹೊಡೀಬೇಡಿ. ಎತ್ತನ್ನೂ ನೆರಳಲ್ಲೇ ಕಟ್ಟಿ ನಾಳೆನೇ ಡಾಕ್ಟರಿಗೆ ತೋರಿಸು.