ಹೊಸ ಇಂಟರ್‌ಮೀಡಿಯೇಟ್‌ಗೆ ಕಣ್ಣು, ಚರ್ಮದ ಟೆಸ್ಟ್: ಮೊಲ ಬೇಕೇ ಬೇಕಾ?

ಬೀದರ್ ಸೇಫ್ಟಿ:
ಬೀದರ್ ಕಡೆ ಒಂದು ಬಲ್ಕ್ ಡ್ರಗ್ ಫ್ಯಾಕ್ಟರಿಯಲ್ಲಿ ಸೇಫ್ಟಿ ನೋಡಿಕೊಳ್ಳುತ್ತೇನೆ. ಹೊಸ ಪ್ರಾಡಕ್ಟ್‌ನ ಮೂರನೇ ಸ್ಟೇಜ್‌ನಲ್ಲಿ ಒಂದು ಇಂಟರ್‌ಮೀಡಿಯೇಟ್ (ಔಷಧ ತಯಾರಿಯ ನಡುವಿನ ಹಂತದಲ್ಲಿ ಸಿಗುವ ವಸ್ತು) ಬರುತ್ತದೆ, ನುಣ್ಣನೆಯ ಹಳದಿ ಪುಡಿ. ಟ್ರೇ ಡ್ರೈಯರ್‌ನಿಂದ ಅದನ್ನು ಇಳಿಸುವ ಹುಡುಗರಿಗೆ ಮುಂಗೈ, ಕುತ್ತಿಗೆಯ ಹತ್ತಿರ ನವೆ. ಒಬ್ಬನಿಗೆ ಕಣ್ಣು ಕೆಂಪಾಗಿ ಸಂಜೆವರೆಗೂ ನೀರು ಸುರಿಯಿತು. ಅದರ ಸುರಕ್ಷತಾ ಮಾಹಿತಿ ಪತ್ರದ (ಎಸ್‌ಡಿಎಸ್) 11ನೇ ಭಾಗ, ಅಂದರೆ ದೇಹಕ್ಕೆ ಏನು ಹಾನಿ ಅನ್ನುವ ಭಾಗ ತೆಗೆದರೆ ಎಲ್ಲದರ ಮುಂದೆ "ಮಾಹಿತಿ ಲಭ್ಯವಿಲ್ಲ" ಎಂದಷ್ಟೇ ಇದೆ. ನಮ್ಮ ಮ್ಯಾನೇಜರ್ "ಮೊಲದ ಮೇಲೆ ಟೆಸ್ಟ್ ಮಾಡಿಸಿಬಿಡಿ, ತಲೆನೋವು ಮುಗಿಯುತ್ತೆ" ಅಂತಾರೆ. ಒಂದು ಲ್ಯಾಬ್‌ನಿಂದ ಕೊಟೇಶನ್ನೂ ಬಂದಿದೆ: ಚರ್ಮಕ್ಕೆ ಒಇಸಿಡಿ 404, ಕಣ್ಣಿಗೆ 405 (ಒಇಸಿಡಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಟೆಸ್ಟ್ ಮಾರ್ಗಸೂಚಿಗಳ ನಂಬರ್). ಪ್ರಾಣಿಗಳ ಮೇಲೆ ಟೆಸ್ಟ್ ಮಾಡುವುದು ನಮ್ಮಲ್ಲಿ ನಿಷೇಧ ಅಲ್ವಾ? ಇಲ್ಲದಿದ್ದರೂ ಮೊಲವೇ ಬೇಕಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಫೈಲು ಮನುಷ್ಯ:
ನಿಷೇಧ ಇರುವುದು ಕಾಸ್ಮೆಟಿಕ್ಸ್‌ಗೆ ಮಾತ್ರ. 2014ರಲ್ಲಿ ಬಂತು. ಔಷಧಿಗೆ ಅದು ಅನ್ವಯಿಸುವುದಿಲ್ಲ. ಕಣ್ಣಿಗೆ ಹಾಕುವ ಡ್ರಾಪ್ಸ್ ಅಥವಾ ಮುಲಾಮು ಆದರೆ 2019ರ ಹೊಸ ಔಷಧ ನಿಯಮಗಳಲ್ಲಿ ಎರಡು ಜಾತಿಯ ಪ್ರಾಣಿಗಳನ್ನು ಕೇಳುತ್ತಾರೆ, ಅದರಲ್ಲಿ ಒಂದು ಬಿಳಿ ಮೊಲ. 2023ರ ತಿದ್ದುಪಡಿಯಲ್ಲಿ ಪ್ರಾಣಿ ಇಲ್ಲದ ವಿಧಾನಗಳಿಗೂ ದಾರಿ ತೆರೆದಿದ್ದಾರೆ. ಆದರೆ ನಿಮ್ಮದು ರೋಗಿಗೆ ಹೋಗುವ ವಸ್ತುವೇ ಅಲ್ಲ, ಫ್ಯಾಕ್ಟರಿಯೊಳಗೇ ಮುಂದಿನ ಸ್ಟೇಜ್‌ಗೆ ಹೋಗಿ ಮುಗಿಯುವಂಥದ್ದು. ನಿಮಗೆ ಬೇಕಿರುವುದು ಕೆಲಸಗಾರರ ಸುರಕ್ಷತೆಗೆ ಒಂದು ವರ್ಗೀಕರಣ, ಅಷ್ಟೇ. ಲ್ಯಾಬ್‌ನವರ ಪ್ರಾಣಿ ನೀತಿ ಸಮಿತಿಯೇ "ಮೊಲ ಯಾಕೆ?" ಅಂತ ಕೇಳಬೇಕು. ಅದಕ್ಕೆ ಉತ್ತರ ಬರೆದುಕೊಡುವವರು ನೀವೇ.

ಹಳೇ ಟಾಕ್ಸ್ ಲ್ಯಾಬ್:
ಆ ಕೊಟೇಶನ್ ಸದ್ಯಕ್ಕೆ ಪಕ್ಕಕ್ಕಿಡಿ. ಬೆಂಗಳೂರಿನಲ್ಲಿ 404, 405 ಎರಡನ್ನೂ ನನ್ನ ಕೈಯಾರೆ ಮಾಡಿದವಳು ನಾನು, ಅದಕ್ಕೇ ಹೇಳುತ್ತಿದ್ದೇನೆ.

405 ಅಂದರೆ ಹೀಗೆ. ಮೊಲದ ಕೆಳರೆಪ್ಪೆಯನ್ನು ಮೆಲ್ಲಗೆ ಹೊರಗೆಳೆದು ಅಲ್ಲಿ 0.1 ಮಿ.ಲೀ. ದ್ರವ, ಪುಡಿಯಾದರೆ ಹೆಚ್ಚೆಂದರೆ 100 ಮಿ.ಗ್ರಾಂ ಹಾಕಬೇಕು. ರೆಪ್ಪೆಗಳನ್ನು ಒಂದು ಸೆಕೆಂಡ್ ಮುಚ್ಚಿ ಹಿಡಿದು ಬಿಡಬೇಕು. ಇನ್ನೊಂದು ಕಣ್ಣು ಹೋಲಿಕೆಗೆ. 1, 24, 48, 72 ಗಂಟೆಗೆ ಕೈಲೈಟ್ ಹಿಡಿದು ನೋಡಿ ಅಂಕ ಹಾಕಬೇಕು: ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮಸುಕಾಗಿದ್ದರೆ 4ರವರೆಗೆ, ಕೆಂಪಿಗೆ 3ರವರೆಗೆ, ಊತಕ್ಕೆ 4ರವರೆಗೆ. ವಾಸಿಯಾಗದಿದ್ದರೆ 21 ದಿನದವರೆಗೂ ನೋಡುತ್ತಲೇ ಇರಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಲ್ಲಿದ್ದ ಜಾನ್ ಡ್ರೇಜ್ 1944ರಲ್ಲಿ ಪ್ರಕಟಿಸಿದ ಅಂಕಪಟ್ಟಿಯ ವಂಶ ಇದು. ಒಂದೇ ಕಣ್ಣನ್ನು ನೋಡಿ ನಾನು 1 ಅಂದರೆ ಪಕ್ಕದವರು 2 ಅನ್ನುವುದು ಮಾಮೂಲು. ಅದೂ ಅಲ್ಲದೆ ಮೊಲ ನಮ್ಮ ಹಾಗೆ ಪಟಪಟ ಕಣ್ಣು ಮಿಟುಕಿಸುವುದಿಲ್ಲ. ಅದರ ಕಾರ್ನಿಯಾ ನಮ್ಮದಕ್ಕಿಂತ ತೆಳು. ಮೂರನೇ ರೆಪ್ಪೆ ಬೇರೆ ಇದೆ. ನೋವು ತಡೆಯುವ ಮದ್ದು ಮೊದಲೇ ಕೊಡಬೇಕು ಅಂತ 405ರಲ್ಲಿ ಬರೆದಿದ್ದೇ 2012ರಲ್ಲಿ.

404, 405 ಎರಡನ್ನೂ ಪೂರ್ತಿ ಓದಿ ನೋಡಿ. ಬೇರೆ ದಾರಿಯೆಲ್ಲ ನೋಡಿದ ಮೇಲೆ ಕೊನೆಗೆ ಮೊಲ ಅಂತ ಅವುಗಳಲ್ಲೇ ಇದೆ. ನಿಮ್ಮ ಪುಡಿಯನ್ನು ನೀರಿಗೆ ಹಾಕಿ ಪಿಎಚ್ ನೋಡಿ. 2 ಅಥವಾ ಅದಕ್ಕೂ ಕಡಿಮೆ, ಇಲ್ಲವೇ 11.5 ಅಥವಾ ಅದಕ್ಕೂ ಜಾಸ್ತಿ ಬಂದರೆ ಅದು ಸುಡುವ ವಸ್ತು ಅಂತಲೇ ಹಿಡಿಯುತ್ತಾರೆ. ಅಂಥದ್ದನ್ನು ಮೊಲದ ಕಣ್ಣಿಗೆ ಹಾಕುವ ಮಾತೇ ಇಲ್ಲ.

ಚರ್ಮಕ್ಕೆ ಒಇಸಿಡಿಯದೇ 439 ಕೇಳಿ. ಮನುಷ್ಯರ ಚರ್ಮದ ಕೋಶಗಳಿಂದಲೇ ಬೆಳೆಸಿದ ಪುಟ್ಟ ಟಿಶ್ಯೂ ಮೇಲೆ ವಸ್ತು ಹಾಕಿ, ತೊಳೆದು, 42 ಗಂಟೆ ಬಿಟ್ಟು, ಎಂಟಿಟಿ ಅನ್ನುವ ಬಣ್ಣ ಕೊಡುತ್ತಾರೆ. ಜೀವಂತ ಕೋಶ ಅದನ್ನು ನೇರಳೆ ಮಾಡುತ್ತದೆ. ಬದುಕಿದ್ದು 50% ಅಥವಾ ಅದಕ್ಕಿಂತ ಕಡಿಮೆ ಆದರೆ ಇರಿಟೆಂಟ್ (ಕೆರಳಿಸುವ ವಸ್ತು). ಜಾಸ್ತಿ ಇದ್ದರೆ ಚರ್ಮದ ಇರಿಟೇಶನ್ ವಿಷಯ ಅಲ್ಲಿಗೆ ಮುಗಿಯಿತು. ಇರಿಟೆಂಟ್ ಅಂತ ಬಂದರೆ ಮಾತ್ರ 431, ಸುಡುವಷ್ಟು ತೀವ್ರವಾ ಅಂತ ನೋಡಲು. ನಿಮ್ಮದು ಬಣ್ಣದ ಪುಡಿ, ಲ್ಯಾಬ್‌ಗೆ ಮೊದಲೇ ಹೇಳಿ. ಒಣ ಹಳದಿ ಅಷ್ಟಾಗಿ ಕಾಡುವುದಿಲ್ಲ, ಆದರೆ ಒದ್ದೆಯಾದಾಗ ಕೆಂಪಿಗೆ ತಿರುಗುವ ವಸ್ತುಗಳಿವೆ. ಆ ಬಣ್ಣ ನೇರಳೆಯ ಲೆಕ್ಕದೊಳಗೆ ಸೇರಿಕೊಂಡರೆ ಸತ್ತ ಟಿಶ್ಯೂ ಬದುಕಿದ ಹಾಗೆ ಕಾಣುತ್ತದೆ. ಅದಕ್ಕೆ ಬೇರೆ ಕಂಟ್ರೋಲ್ (ಹೋಲಿಕೆಯ ಟಿಶ್ಯೂ) ಇಡುತ್ತಾರೆ.

ಕಣ್ಣಿಗೆ ಎಲ್ಲರೂ ಮೊದಲು ಹೇಳುವುದು 437, ಕಸಾಯಿಖಾನೆಯಿಂದ ತಂದ ದನದ ಕಣ್ಣಿನ ಕಾರ್ನಿಯಾ. ನಮ್ಮ ರಾಜ್ಯದಲ್ಲಿ ಇದು ಕಷ್ಟ. 2021ರಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಬೇರೆ ಜಾನುವಾರು ಕಡಿಯುವ ಹಾಗಿಲ್ಲ. ಆ ಟೆಸ್ಟ್‌ಗೆ ಬೇಕಾಗುವುದು ಸಾಮಾನ್ಯವಾಗಿ 12ರಿಂದ 60 ತಿಂಗಳಿನ ದನದ ಕಣ್ಣು. ಹೊಂದುವುದೇ ಇಲ್ಲ. ಕೋಳಿಗೆ ಬರ ಇಲ್ಲವಲ್ಲ, ಹಾಗಾಗಿ 438 ಕೇಳಿ. ಸುಮಾರು ಏಳು ವಾರದ ಬ್ರಾಯ್ಲರ್ ಕೋಳಿಯ ತಲೆ, ಕತ್ತರಿಸಿದ ಎರಡು ಗಂಟೆಯೊಳಗೆ ಲ್ಯಾಬ್‌ನಲ್ಲಿರಬೇಕು. ಕಣ್ಣಿಗೆ 0.03 ಗ್ರಾಂ ಪುಡಿ, ಹತ್ತೇ ಸೆಕೆಂಡ್, ಆಮೇಲೆ 20 ಮಿ.ಲೀ. ಸಲೈನ್‌ನಲ್ಲಿ ತೊಳೆಯುತ್ತಾರೆ. ನಾಲ್ಕು ಗಂಟೆವರೆಗೆ ಕಾರ್ನಿಯಾ ಎಷ್ಟು ದಪ್ಪವಾಯಿತು, ಎಷ್ಟು ಮಸುಕಾಯಿತು ಅಂತ ಅಳೆಯುತ್ತಾರೆ. ಫ್ಲೋರೆಸಿನ್ ಅನ್ನುವ ಬಣ್ಣದ ಹನಿ ಹಾಕಿದಾಗ ಪದರ ಕಿತ್ತುಹೋದ ಜಾಗ ಮಾತ್ರ ಹಸಿರಾಗಿ ಹೊಳೆಯುತ್ತದೆ, ಬೇಡ ಅಂದರೂ ಕಣ್ಣಿಗೆ ಹೊಡೆಯುತ್ತದೆ. ಇದು ಎರಡು ತುದಿಗಳನ್ನು ಚೆನ್ನಾಗಿ ಹೇಳುತ್ತದೆ: ತೀವ್ರ ಹಾನಿ, ಅಥವಾ ಏನೂ ಇಲ್ಲ. ನಡುವೆ ಬಿದ್ದರೆ ಇದೊಂದೇ ಸಾಲದು. ಆಗ ಮನುಷ್ಯರ ಕೋಶದಿಂದ ಬೆಳೆಸಿದ ಟಿಶ್ಯೂ ಮೇಲೆ ಮಾಡುವ 492ನ್ನೂ ಜೊತೆಗಿಟ್ಟು ನೋಡಬೇಕು.

ಇಷ್ಟೆಲ್ಲ ಹೇಳಿದೆ, ಆದರೆ ನನಗೆ ಕಣ್ಣಿಗಿಂತ ಆ ನವೆಯ ಮೇಲೇ ಅನುಮಾನ. ಪುಡಿ ಮುಟ್ಟಿದ ಮೊದಲ ದಿನದಿಂದಲೇ ಎಲ್ಲರಿಗೂ ಬಂತಾ? ಅಥವಾ ಕೆಲವು ವಾರ ಕಳೆದು ಕೆಲವರಿಗೆ ಮಾತ್ರಾನಾ? ಎರಡನೆಯದಾದರೆ ಅದು ಅಲರ್ಜಿ ಇರಬಹುದು. ನೀವು ಹಣ ಕಟ್ಟಿ ಮಾಡಿಸುವ ಯಾವ ಇರಿಟೇಶನ್ ಟೆಸ್ಟೂ, ಮೊಲದ್ದಾಗಲಿ ಕೋಳಿಯದ್ದಾಗಲಿ, ಅದನ್ನು ಹಿಡಿಯುವುದಿಲ್ಲ.

ಬೀದರ್ ಸೇಫ್ಟಿ:
ಮೇಡಂ, ಈಗ ರಿಜಿಸ್ಟರ್ ನೋಡಿದೆ. ಮೊದಲ ಬ್ಯಾಚ್‌ಗಳಲ್ಲಿ ಯಾರೂ ಏನೂ ಹೇಳಿಲ್ಲ. ಮೂರನೇ ವಾರದ ಮೇಲೆ ಶುರು, ಅದೂ ಇಬ್ಬರಿಗೆ. ಅವರಲ್ಲಿ ಒಬ್ಬನನ್ನು ಪ್ಯಾಕಿಂಗ್‌ಗೆ ಹಾಕಿದ್ದೆವು. ಡ್ರೈಯರ್ ರೂಮ್ ಬಾಗಿಲ ಹತ್ತಿರ ಹೋದರೂ ಕುತ್ತಿಗೆಯ ಮೇಲೆ ದದ್ದು ಅಂತಾನೆ. ನಾವು ಸುಮ್ನೆ ನೆಪ ಅಂದುಕೊಂಡಿದ್ದೆವು. ಪುಡಿ ಬೆವರಿಗೆ ಕಿತ್ತಳೆ ಬಣ್ಣ ಆಗುತ್ತದೆ, ಬನಿಯನ್ ಮೇಲೆ ಕಲೆ ಕಾಣುತ್ತದೆ.

ಹಳೇ ಟಾಕ್ಸ್ ಲ್ಯಾಬ್:
ನೆಪ ಅಲ್ಲ. ಮೈ ಒಂದು ಸಲ ಗುರುತು ಹಿಡಿದರೆ ಆಮೇಲೆ ಚಿಟಿಕೆಯಷ್ಟೂ ಬೇಡ. ಆ ಇಬ್ಬರನ್ನೂ ಈ ಪ್ರಾಡಕ್ಟ್‌ನಿಂದ ಇವತ್ತೇ ದೂರ ಇಡಿ, ಚರ್ಮದ ಡಾಕ್ಟರ್ ಹತ್ತಿರ ಅಲರ್ಜಿ ನೋಡುವ ಪ್ಯಾಚ್ ಟೆಸ್ಟ್‌ಗೆ ಕಳಿಸಿ. ಎಷ್ಟು ತೆಳುವಾಗಿ ಕಲಸಿ ಹಚ್ಚಬೇಕು ಅನ್ನುವುದು ಅವರ ಲೆಕ್ಕ. ಫ್ಯಾಕ್ಟರಿಯಲ್ಲೇ ಕೈಗೆ ಉಜ್ಜಿ ನೋಡುವ ಸಾಹಸ ಬೇಡ, ಇನ್ನೊಬ್ಬನಿಗೂ ಅಲರ್ಜಿ ಹುಟ್ಟಿಸುತ್ತೀರಿ.

ಲ್ಯಾಬ್‌ಗೆ ಮೊದಲು ಬರೆಯಬೇಕಾದದ್ದು ಅಲರ್ಜಿಯ ಟೆಸ್ಟ್‌ಗಳಾದ 442 ಸಿ, ಡಿ, ಇ. ವಸ್ತು ಪ್ರೋಟೀನ್‌ಗೆ ಅಂಟುತ್ತದಾ, ಚರ್ಮದ ಕೋಶವನ್ನು, ರಕ್ಷಣಾ ಕೋಶವನ್ನು ಎಬ್ಬಿಸುತ್ತದಾ ಅಂತ ಮೂರು ಕಡೆಯಿಂದ ನೋಡುತ್ತವೆ. ಯಾವುದಕ್ಕೂ ಪ್ರಾಣಿ ಬೇಡ. ಮೂರರಲ್ಲಿ ಎರಡು ಒಂದೇ ಮಾತು ಹೇಳಿದರೆ ಅದನ್ನು ತೀರ್ಪು ಅಂತ 2021ರ ಒಇಸಿಡಿ ಮಾರ್ಗಸೂಚಿ 497 ಒಪ್ಪುತ್ತದೆ. ಅದರ ಜೊತೆ 439, 438. ಕಿತ್ತಳೆ ಬಣ್ಣದ ವಿಷಯ ಪತ್ರದಲ್ಲಿ ಹಾಕಲೇಬೇಕು.

ರಿಪೋರ್ಟ್ ಬರುವವರೆಗೆ ಎಸ್‌ಡಿಎಸ್‌ನಲ್ಲಿ ಖಾಲಿ ಬಿಡಬೇಡಿ. ಕಣ್ಣಿಗೆ, ಚರ್ಮಕ್ಕೆ ಇರಿಟೆಂಟ್, ಅಲರ್ಜಿ ಶಂಕೆ ಅಂತಲೇ ಬರೆದು ನೈಟ್ರೈಲ್ ಗ್ಲೌಸ್, ಮುಚ್ಚಿದ ಗಾಗಲ್ಸ್ ಕೊಡಿ, ಟ್ರೇ ಇಳಿಸುವ ಜಾಗದಲ್ಲಿ ಧೂಳೆಳೆಯುವ ವ್ಯವಸ್ಥೆ ಮಾಡಿ. ಕಣ್ಣಿಗೆ ಬಿದ್ದರೆ 15 ನಿಮಿಷ ನೀರು ಅನ್ನುವ ಬೋರ್ಡ್ ಡ್ರೈಯರ್ ಪಕ್ಕದಲ್ಲೇ ಇರಲಿ.

ಇನ್ನೊಂದು, ಸ್ಯಾಂಪಲ್ ಆರ್‌ಆಂಡ್‌ಡಿಯವರ ಶುದ್ಧ ಬಾಟಲಿಯಿಂದ ಕಳಿಸಬೇಡಿ. ಹುಡುಗರು ಮುಟ್ಟುವ ಡ್ರೈಯರ್ ಪುಡಿಯನ್ನೇ, ಉಳಿದ ಸಾಲ್ವೆಂಟ್ ಎಷ್ಟಿದೆ ಅನ್ನುವ ಅನಾಲಿಸಿಸ್ ಜೊತೆ ಕಳಿಸಿ.