ಮ್ಯಾಗ್ನೆಟ್ರಾನ್ ನಾಯ್ಸ್: ತಪ್ಪು ಟ್ಯೂಬಿನದಾ, ಸಪ್ಲೈನದಾ?

ಅಲೆಮನೆ: ಮೈಕ್ರೋವೇವ್ ಓವನ್ನಿನ ಮ್ಯಾಗ್ನೆಟ್ರಾನನ್ನು (ಮೈಕ್ರೋವೇವ್ ಹುಟ್ಟಿಸುವ ಟ್ಯೂಬ್), ಫ್ರೀಕ್ವೆನ್ಸಿಗಳನ್ನು ಬಿಡಿಸಿ ತೋರಿಸುವ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ನೋಡಿದರೆ 2.45 ಗಿಗಾಹರ್ಟ್ಸ್ ಸುತ್ತ ಅಗಲವಾದ ಗುಡ್ಡ ಕಾಣುತ್ತದೆ. ಇನ್ನೊಂದು ಬಗೆಯ ಮೈಕ್ರೋವೇವ್ ಟ್ಯೂಬ್ ಆದ ಕ್ಲೈಸ್ಟ್ರಾನ್‌ನದು ಸಣ್ಣ ಗೆರೆ. ಮ್ಯಾಗ್ನೆಟ್ರಾನ್ ಹುಟ್ಟಾ ಗಲಾಟೆ, ಅಲ್ವಾ?

ಲ್ಯಾಬ್ ಮೇಷ್ಟ್ರು: ಹೌದು. ಅದರಲ್ಲಿ ಎಲೆಕ್ಟ್ರಾನ್‌ಗಳು ತಮ್ಮನ್ನು ಹೊರಬಿಡುವ ಬಿಸಿ ಕ್ಯಾಥೋಡ್ ಸುತ್ತಲೇ ಸುತ್ತುತ್ತವೆ. ಒಂದಿಷ್ಟು ವಾಪಸ್ ಬಂದು ಕ್ಯಾಥೋಡಿಗೇ ಬಡಿಯುತ್ತವೆ. ನಾಯ್ಸ್, ಅಂದ್ರೆ ಬೇಡದ ಏರುಪೇರು, ಹುಟ್ಟುವುದು ಆ ಎಲೆಕ್ಟ್ರಾನ್ ಮೋಡದಲ್ಲಿ. ಸಪ್ಲೈ ಬದಲಾಯಿಸಿದರೆ ಅದು ಹೋಗಲ್ಲ.

ಹಳೇಟ್ಯೂಬ್: ಮೇಷ್ಟ್ರೇ, ಪೂರ್ತಿ ಒಪ್ಪಲಾರೆ. ಮಾಮೂಲಿ ಓವನ್‌ನಲ್ಲಿ ಟ್ಯೂಬಿಗೆ ಸಿಗುವುದು ನಯವಾದ ಡಿಸಿ ಅಲ್ಲ. ಸುಮಾರು 4 ಕಿಲೋವೋಲ್ಟ್, ಅದೂ ಸೆಕೆಂಡಿಗೆ 50 ಸಲ ಬಂದು ಹೋಗುತ್ತದೆ. ಕರೆಂಟ್ ಏರಿಳಿದಂತೆ ಫ್ರೀಕ್ವೆನ್ಸಿಯೂ ಸರಿಯುತ್ತದೆ. ಇದೇ ಪುಶಿಂಗ್. ಗುಡ್ಡದ ದೊಡ್ಡ ಪಾಲು ಅದರದೇ.

ಇನ್ನೊಂದು ವಿಷಯ. ಅಮೆರಿಕದ ರೇಥಿಯಾನ್‌ನಲ್ಲಿದ್ದ ವಿಲಿಯಂ ಬ್ರೌನ್ ಇದೇ ಓವನ್ ಟ್ಯೂಬಿಗೆ ನಯವಾದ ಡಿಸಿ ಕೊಟ್ಟು, ಶುರುವಾದ ಮೇಲೆ ಕ್ಯಾಥೋಡ್ ಕಾಯಿಸುವ ಹೀಟರ್ ಆರಿಸಿ ತೋರಿಸಿದರು. ನಾಯ್ಸ್ ಧಡಕ್ಕನೆ ಇಳಿಯಿತು! ನೀವು ಹೇಳಿದ ಆ ವಾಪಸ್ ಬಡಿತವೇ ಕ್ಯಾಥೋಡನ್ನು ಬಿಸಿಯಾಗಿ ಇಟ್ಟುಕೊಳ್ಳುತ್ತದೆ.

ರಿಪೆಲ್ಲರ್: ಕ್ಲೈಸ್ಟ್ರಾನ್ ಕೂಡ ಸಪ್ಲೈ ಹೇಳಿದಂತೆ ಕೇಳುತ್ತದೆ. ಕಾಲೇಜು ಬೆಂಚಿನ 2ಕೆ25 ಎಂಬ ರಿಫ್ಲೆಕ್ಸ್ ಕ್ಲೈಸ್ಟ್ರಾನ್ ತಗೊಳ್ಳಿ. ಅದರಲ್ಲಿ ಎಲೆಕ್ಟ್ರಾನ್ ಬೀಮನ್ನು ಹಿಂದಕ್ಕೆ ತಳ್ಳುವ ರಿಪೆಲ್ಲರ್ ಒಂದು ವೋಲ್ಟ್ ಅಲ್ಲಾಡಿದರೆ ಫ್ರೀಕ್ವೆನ್ಸಿ ಮೆಗಾಹರ್ಟ್ಸ್ ಲೆಕ್ಕದಲ್ಲಿ ಜರುಗುತ್ತದೆ. ವೋಲ್ಟಿಗೆ 2 ಮೆಗಾಹರ್ಟ್ಸ್ ಅಂತ ಹಿಡಿದರೂ, 10 ಮಿಲಿವೋಲ್ಟ್ ರಿಪಲ್ (ಸಪ್ಲೈನ ಏರಿಳಿತ) ಅಂದ್ರೆ 20 ಕಿಲೋಹರ್ಟ್ಸ್ ಎಫ್ಎಂ (ಫ್ರೀಕ್ವೆನ್ಸಿಯ ಓಲಾಟ). ರಿಪೆಲ್ಲರ್ ಹೆಚ್ಚುಕಮ್ಮಿ ಕರೆಂಟೇ ಎಳೆಯಲ್ಲ, ಬ್ಯಾಟರಿ ಸಾಲಿನಿಂದ ಕೊಟ್ಟು ನೋಡಿ.

ಲ್ಯಾಬ್ ಮೇಷ್ಟ್ರು: ಬ್ಯಾಟರಿ ರಿಪಲ್ ತೆಗೆಯುತ್ತದೆ, ಬೀಮ್‌ನ ಶಾಟ್ ನಾಯ್ಸ್ (ಎಲೆಕ್ಟ್ರಾನ್ ಒಂದೊಂದಾಗಿ ಬರುವುದರಿಂದ ಆಗುವುದು) ತೆಗೆಯಲ್ಲ. ಹಳೇ ರೇಡಾರ್ ರಿಸೀವರ್‌ಗಳಲ್ಲಿ ಐಎಫ್, ಅಂದ್ರೆ ಬಂದ ಸಿಗ್ನಲ್ಲಿಗೂ ರಿಸೀವರಿನ ಕ್ಲೈಸ್ಟ್ರಾನಿಗೂ ಇರುವ ಫ್ರೀಕ್ವೆನ್ಸಿ ಅಂತರ, 30 ಮೆಗಾಹರ್ಟ್ಸ್. ಕ್ಲೈಸ್ಟ್ರಾನ್ ಕ್ಯಾವಿಟಿಯ ಕ್ಯೂ (ಒಂದೇ ಫ್ರೀಕ್ವೆನ್ಸಿಯನ್ನು ಆರಿಸಿಕೊಳ್ಳುವ ಗುಣ) ಕಡಿಮೆ, ಅಷ್ಟು ದೂರದ ನಾಯ್ಸನ್ನೂ ಅದು ಹೊರಗೆ ಬಿಡುತ್ತದೆ. ಮ್ಯಾಜಿಕ್ ಟೀ (ನಾಲ್ಕು ಬಾಯಿಯ ವೇವ್‌ಗೈಡ್ ಜೋಡಣೆ) ಹಾಕಿ, ಆ ನಾಯ್ಸ್ ರದ್ದಾಗುವಂತೆ ಬ್ಯಾಲೆನ್ಸ್ಡ್ ಮಿಕ್ಸರ್ ಕಟ್ಟಿದ್ದು ಸುಮ್ನೆ ಅಲ್ಲ.

ಅಲೆಮನೆ: ಹಾಗಾದ್ರೆ ಹೀಟರ್ ಆರಿಸಿದ ಮ್ಯಾಗ್ನೆಟ್ರಾನ್ ವೇಗ ಅಳೆಯುವ ಡಾಪ್ಲರ್ ರೇಡಾರಿಗೂ ಆಗುತ್ತಾ?

ಲ್ಯಾಬ್ ಮೇಷ್ಟ್ರು: ಅಲ್ಲಿ ಬೇರೆ ತೊಡಕು. ಮ್ಯಾಗ್ನೆಟ್ರಾನಿನ ಪ್ರತಿ ಪಲ್ಸ್ ನಾಯ್ಸ್‌ನಿಂದಲೇ ಮೊಳೆಯುತ್ತದೆ, ಆರಂಭದ ಫೇಸ್ ಪ್ರತಿ ಸಲ ಬೇರೆ. ಅದಕ್ಕೇ ಕೋಹೋವನ್ನು (ಫೇಸ್ ಹೋಲಿಸಲು ರಿಸೀವರಿನಲ್ಲಿರುವ ಆಸಿಲೇಟರ್) ಪ್ರತಿ ಪಲ್ಸಿಗೂ ಲಾಕ್ ಮಾಡುತ್ತಾರೆ.

ಹಳೇಟ್ಯೂಬ್: ಇದನ್ನು ಒಪ್ಪಿದೆ. ಸತತ ಓಡುವ ಟ್ಯೂಬಿಗಾದರೆ ಹೊರಗಿನಿಂದ ಸಣ್ಣ ಸಿಗ್ನಲ್ ಕೊಟ್ಟು, ಟ್ಯೂಬ್ ಅದನ್ನೇ ಹಿಂಬಾಲಿಸುವಂತೆ ಇಂಜೆಕ್ಷನ್ ಲಾಕ್ ಮಾಡಬಹುದು. ಅಲೆಮನೆ, ಓವನ್ ಬಿಚ್ಚಿ ಇದನ್ನು ಮಾಡಲು ಹೋಗಬೇಡಿ. ಆ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಕೊಲ್ಲುತ್ತದೆ.